ಬರಹದಷ್ಟೇ ಸಾಧನವೂ ಶುದ್ಧವಾಗಿರಲಿ

ಹಲಾಲ್ ಸಂಪಾದನೆಯ ಬಗ್ಗೆ ನಾವು ಬಹಳಷ್ಟು ಬರೆಯುತ್ತೇವೆ, ಓದುತ್ತೇವೆ. ಆದರೆ ಆ ಬರಹಗಳನ್ನು ಸಿದ್ಧಪಡಿಸುವ ತಂತ್ರಾಂಶವು ನಮ್ಮ ಕಂಪ್ಯೂಟರಿಗೆ ಯಾವ ದಾರಿಯಿಂದ ಬಂತೆಂದು ವಿಚಾರಿಸುವುದು ಅಪರೂಪ. ಹಣ ತೆತ್ತು ಕೊಳ್ಳಬೇಕಾದ ಆಫೀಸ್ ತಂತ್ರಾಂಶದ ನಕಲಿ ಪ್ರತಿಯನ್ನು ಬಳಸುವುದು ತಪ್ಪೆಂದೇ ಅನಿಸದಷ್ಟು ರೂಢಿಯಾಗಿಬಿಟ್ಟಿದೆ. ಕೈಗೆ ಸಿಗದ ವಸ್ತುವಾದರೂ ಅದು ಇನ್ನೊಬ್ಬರ ದುಡಿಮೆಯ ಫಲ. ಒಪ್ಪಿಗೆಯಿಲ್ಲದೆ ಅದನ್ನು ಬಳಸುವುದು ಅವರ ಹಕ್ಕನ್ನು ಕಸಿದಂತೆಯೇ ಸರಿ.

ಹಣವಿಲ್ಲವೆಂಬ ನೆಪಕ್ಕೂ ಇಂದು ಎಡೆಯಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 2000ದಲ್ಲಿ ತನ್ನ ಸ್ಟಾರ್ ಆಫೀಸ್ ತಂತ್ರಾಂಶದ ಸೋರ್ಸ್ ಕೋಡನ್ನು ಸಾರ್ವಜನಿಕಗೊಳಿಸಿತು. ಅದರಿಂದ ಓಪನ್ ಆಫೀಸ್ ಹುಟ್ಟಿತು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ ವಶವಾದ ಬಳಿಕ, ಆ ಯೋಜನೆಯಲ್ಲಿ ದುಡಿಯುತ್ತಿದ್ದ ಹಲವರು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆ ಆಫೀಸನ್ನು ರೂಪಿಸಿದರು. ಇದನ್ನು ಯಾರೂ ಉಚಿತವಾಗಿ ಪಡೆಯಬಹುದು, ನೆರೆಯವರಿಗೆ ಹಂಚಬಹುದು, ಬಲ್ಲವರು ತಿದ್ದಿ ಉತ್ತಮಪಡಿಸಲೂಬಹುದು. ಲೇಖನಕ್ಕೆ ರೈಟರ್, ಮಸೀದಿಯ ಲೆಕ್ಕಪತ್ರಕ್ಕೆ ಕ್ಯಾಲ್ಕ್, ಮದ್ರಸಾದ ಪಾಠಕ್ಕೆ ಇಂಪ್ರೆಸ್ ಇದರೊಳಗೇ ಇವೆ. ಕನ್ನಡದ ನಡುವೆ ಬಲದಿಂದ ಎಡಕ್ಕೆ ಸಾಗುವ ಅರಬಿ ಸಾಲನ್ನೂ ಇದರಲ್ಲಿ ಬರೆಯಬಹುದು.

ಬರಹದ ಆಯುಷ್ಯವೂ ಇಲ್ಲಿ ಮುಖ್ಯ ಸಂಗತಿ. ಯೂನಿಕೋಡ್ ಬರುವ ಮುನ್ನ ಬೇರೆ ಬೇರೆ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಕಡತಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತವೆ. ಒಂದೇ ಕಂಪೆನಿಯ ಕಡತ ಸ್ವರೂಪವನ್ನು ನೆಚ್ಚಿಕೊಂಡರೂ ಇಂಥದೇ ಅಪಾಯವಿದೆ. ಲಿಬ್ರೆ ಆಫೀಸ್ ಬಳಸುವ ಓಪನ್ ಡಾಕ್ಯುಮೆಂಟ್ ಸ್ವರೂಪವು 2006ರಲ್ಲೇ ಅಂತಾರಾಷ್ಟ್ರೀಯ ಮಾನಕವಾಗಿದ್ದು, ಅದರ ನಿಯಮಗಳು ಎಲ್ಲರಿಗೂ ತೆರೆದಿವೆ. ಯೂನಿಕೋಡಿನಲ್ಲಿ ಬರೆದು ಆ ಸ್ವರೂಪದಲ್ಲಿ ಉಳಿಸಿದ ಕಡತವನ್ನು ನಾಳೆ ಬೇರೊಂದು ತಂತ್ರಾಂಶವೂ ತೆರೆಯಬಲ್ಲದು.

ತೊಡಕುಗಳಿಲ್ಲವೆಂದಲ್ಲ. ಅನ್ಯ ತಂತ್ರಾಂಶದಲ್ಲಿ ಸಿದ್ಧವಾದ ಕಡತವನ್ನು ತೆರೆದಾಗ ಪುಟವಿನ್ಯಾಸ ಕೆಲವೊಮ್ಮೆ ಕದಲುತ್ತದೆ. ಹೊಸ ಮೆನುಗಳಿಗೆ ಕೈ ಪಳಗಲು ಕೆಲವು ದಿನ ಬೇಕು. ಆದರೆ ಪ್ರಾಮಾಣಿಕತೆಗಾಗಿ ಇಷ್ಟು ತಾಳ್ಮೆ ಹೆಚ್ಚೇನಲ್ಲ.

ಆದ್ದರಿಂದ ಬರಹಗಾರರೇ ಮೊದಲ ಹೆಜ್ಜೆ ಇಡಲಿ. ಮುಂದಿನ ಲೇಖನವನ್ನು ಲಿಬ್ರೆ ಆಫೀಸಿನಲ್ಲೇ ಬರೆದು ನೋಡಲಿ. ಕಂಪ್ಯೂಟರ್ ಬಲ್ಲ ನಮ್ಮ ಯುವಕ ಯುವತಿಯರು ಅದರ ಕನ್ನಡ ಅನುವಾದವನ್ನು ತಿದ್ದುವುದಕ್ಕೂ ದೋಷಗಳನ್ನು ವರದಿ ಮಾಡುವುದಕ್ಕೂ ಮುಂದಾಗಲಿ. ಪರರ ಶ್ರಮದಿಂದ ಉಚಿತವಾಗಿ ಪಡೆದವರು ತಮ್ಮಿಂದಾದಷ್ಟನ್ನು ಮರಳಿ ಸಲ್ಲಿಸುವುದೇ ನ್ಯಾಯ.