ದಾರಿ ತಪ್ಪುವ ಅಂಚೆಕಟ್ಟು, ಗಡಿನಾಡಿನ ವಿಳಾಸ

ಬೆಂಗಳೂರಿನಿಂದ ಹೊರಟ ಪುಸ್ತಕದ ಕಟ್ಟು ವಾರಗಟ್ಟಲೆ ಬಾರದಿರುವುದು, ಬಂದರೂ ಕಾಣದ ಊರುಗಳ ಮುದ್ರೆ ಹೊತ್ತು ಬರುವುದು ಗಡಿನಾಡ ಕನ್ನಡಿಗರಿಗೆ ಹೊಸತಲ್ಲ. ಇದು ಕಾಸರಗೋಡಿನವರ ಪಾಡು ಮಾತ್ರವೂ ಅಲ್ಲ. ಆಂಧ್ರದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಕನ್ನಡ ಕುಟುಂಬಗಳಾಗಲಿ, ಕನ್ನಡ ಶಾಸನಗಳನ್ನುಳ್ಳ ವೀರಭದ್ರ ದೇವಾಲಯದ ಲೇಪಾಕ್ಷಿಯವರಾಗಲಿ ಈ ತೊಡಕಿನಿಂದ ಹೊರತಲ್ಲ. ಅಂಚೆಯವರನ್ನು ದೂರಿ ಸುಮ್ಮನಾಗುವುದಕ್ಕಿಂತ ಕಾರಣವನ್ನು ತಿಳಿಯುವುದು ಒಳಿತು.

1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂತು. ಒಂದೇ ಹೆಸರಿನ ಹಲವು ಊರುಗಳು, ಹಲವು ಲಿಪಿಗಳ ವಿಳಾಸಗಳು ತಂದ ಗೊಂದಲವೇ ಅದರ ಹುಟ್ಟಿಗೆ ಕಾರಣ. ಆರು ಅಂಕಿಗಳಲ್ಲಿ ಮೊದಲನೆಯದು ವಲಯ. ಮೊದಲ ಮೂರು ಸೇರಿದರೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು ಬಟವಾಡೆಯ ಕಚೇರಿ. ಆಂಧ್ರ, ತೆಲಂಗಾಣ, ಕರ್ನಾಟಕಗಳಿಗೆ 5. ಕೇರಳ, ತಮಿಳುನಾಡುಗಳಿಗೆ 6. ಹಿಂದೂಪುರ 515201, ಲೇಪಾಕ್ಷಿ 515331, ಕಾಸರಗೋಡು 671121. ನಮ್ಮ 671ರಲ್ಲಿ ಮೊದಲ ಅಂಕಿ 5 ಎಂದಾದರೆ ಸಾಕು, ಕಟ್ಟು ಮೈಸೂರು ಸೀಮೆಯ ದಾರಿ ಹಿಡಿಯುತ್ತದೆ.

ಹೆಸರಿನ ಗೊಂದಲವಂತೂ ಗಡಿನಾಡಿನಲ್ಲಿ ಇಮ್ಮಡಿ. ಹೊಸದುರ್ಗ ಎಂದರೆ ನಮಗೆ ಕಾಞಂಗಾಡಿನ ಹೊಸದುರ್ಗ, 671315. ಕಲ್ಯಾಣದುರ್ಗದ ಕಡೆಯವರಿಗೆ ಅದು ನೆರೆಯ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, 577527. ರಾಯದುರ್ಗ ಎಂಬ ಊರು ಅನಂತಪುರ ಜಿಲ್ಲೆಯಲ್ಲಿದೆ; ಅದೇ ಹೆಸರಿನ ಬಡಾವಣೆ ಹೈದರಾಬಾದಿನಲ್ಲೂ ಇದೆ. ಇದಕ್ಕೆ ಸಾಲದೆ ಜಿಲ್ಲೆಗಳ ಹೆಸರೂ ಬದಲಾಗುತ್ತವೆ. 1984ರ ವರೆಗೆ ಕಣ್ಣಾನೂರು ಜಿಲ್ಲೆಗೆ ಸೇರಿದ್ದ ನಾವು ಆಮೇಲೆ ಕಾಸರಗೋಡು ಜಿಲ್ಲೆಯವರಾದೆವು. ಹಿಂದೂಪುರ, ಲೇಪಾಕ್ಷಿಗಳು 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಹಳೆಯ ವಿಳಾಸ ಪುಸ್ತಕಗಳಲ್ಲಿ ಮಾತ್ರ ಹಳೆಯ ಜಿಲ್ಲೆಯೇ ಉಳಿದಿದೆ.

ಪಿನ್‌ಕೋಡ್ ಜಿಲ್ಲೆಯ ಗಡಿಯನ್ನು ಅನುಸರಿಸಲೇಬೇಕೆಂದಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ಅಂಚೆ ಸಾಗುವ ದಾರಿಯ ಲೆಕ್ಕ. ಪಾವಗಡ ತುಮಕೂರು ಜಿಲ್ಲೆಯದು. ಆದರೆ ತುಮಕೂರಿನ ಸಂಖ್ಯೆ 572ರಿಂದ ಆರಂಭವಾದರೆ ಪಾವಗಡದ್ದು 561202. ಹಾಗೆಯೇ ಭೂಪಟದಲ್ಲಿ ಹತ್ತಿರವಿರುವ ಊರು ಅಂಚೆಗೆ ಹತ್ತಿರವಲ್ಲ. ಕಟ್ಟುಗಳು ಮೊದಲು ದೊಡ್ಡ ವಿಂಗಡಣಾ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಚೀಲ ಸೇರಿ, ಮತ್ತೊಂದು ಕೇಂದ್ರದಲ್ಲಿ ಬಿಚ್ಚಲ್ಪಟ್ಟು ಊರಿಗೆ ಬರುತ್ತವೆ. ಖಾಸಗಿ ಕೊರಿಯರಿನ ಪದ್ಧತಿಯೂ ಬಹುಮಟ್ಟಿಗೆ ಇದೇ. ಒಂದು ಕೇಂದ್ರದಲ್ಲಿ ಚೀಲ ತಪ್ಪಿದರೆ ಮುಂದಿನ ವಾಹನದ ವರೆಗೆ ಕಾಯಬೇಕು. ಕಳುಹಿಸುವಲ್ಲಿ ಅಂಟಿಸಿದ ಚೀಟಿಯಲ್ಲೇ ಪಿನ್ ತಪ್ಪಿದ್ದರೆ, ಕೈಬರಹದ ವಿಳಾಸ ಎಷ್ಟು ಸರಿಯಿದ್ದರೂ ಕಟ್ಟು ಚೀಟಿ ಹೇಳಿದತ್ತಲೇ ಹೋಗುವುದು. ಯಂತ್ರಕ್ಕೆ ಊರಿನ ಪರಿಚಯವಿಲ್ಲ.

ಇದರಿಂದಾಗುವ ನಷ್ಟ ಅಲ್ಪವೆಂದು ಯಾರೂ ಭಾವಿಸಬಾರದು. ಸಂದರ್ಶನದ ಕರೆ ದಿನ ಕಳೆದು ಬಂದರೆ ಕಳೆದುಹೋಗುವುದು ಕಾಗದವಲ್ಲ, ಒಂದು ಮನೆಯ ಅನ್ನ. ಕನ್ನಡ ಮಾಸಿಕವೊಂದು ತಿಂಗಳು ತಿಂಗಳೂ ತಪ್ಪಿದರೆ ಚಂದಾದಾರರು ಬೇಸತ್ತು ನಿಲ್ಲಿಸುತ್ತಾರೆ. ಆ ಮನೆಯ ಮಕ್ಕಳ ಕೈಗೆ ಕನ್ನಡದ ಹೊಸ ಪುಟ ಮತ್ತೆ ಬರುವುದಿಲ್ಲ. ರಾಜ್ಯದ ಗಡಿಯಾಚೆ ಇರುವವರಿಗೆ ಅಂಚೆಯು ಭಾಷೆಯ ಜೀವನಾಡಿಗಳಲ್ಲಿ ಒಂದು.

ಆದುದರಿಂದ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ವಿಳಾಸವನ್ನು ಕನ್ನಡದಲ್ಲಿ ಬರೆಯುವುದನ್ನು ಬಿಡಬೇಕಾಗಿಲ್ಲ. ಅದರೊಡನೆ ಅಂಚೆ ಕಚೇರಿ, ಜಿಲ್ಲೆ, ರಾಜ್ಯಗಳ ಹೆಸರನ್ನು ಇಂಗ್ಲಿಷಿನಲ್ಲೂ ಬರೆದು, ಪಿನ್ನನ್ನು ಎಲ್ಲರೂ ಓದಬಲ್ಲ ಅಂಕಿಗಳಲ್ಲಿ ಬಿಡಿಬಿಡಿಯಾಗಿ ನಮೂದಿಸಬೇಕು. ದೂರವಾಣಿ ಸಂಖ್ಯೆಯೂ ಇರಲಿ. ರಶೀದಿ ಪಡೆದೊಡನೆ ಅದರಲ್ಲಿ ಮುದ್ರಿತವಾದ ಪಿನ್ ನೋಡಿಕೊಳ್ಳಬೇಕು. ತಪ್ಪನ್ನು ತಿದ್ದಲು ಅದೇ ಸುಲಭದ ಗಳಿಗೆ.

ಉಳಿದುದು ಅಂಚೆ ಇಲಾಖೆಯ ಹೊಣೆ. 2025ರಲ್ಲಿ ಅದು ಸುಮಾರು ನಾಲ್ಕು ಮೀಟರಿನ ಚೌಕ ನೆಲಕ್ಕೂ ಗುರುತು ಕೊಡುವ ಡಿಜಿಪಿನ್ ಪ್ರಕಟಿಸಿತು. ಸಂತೋಷ. ಆದರೆ ಕನ್ನಡದ ವಿಳಾಸ ಓದಬಲ್ಲ ಒಬ್ಬ ನೌಕರ ಗಡಿನಾಡಿನ ಪ್ರತಿ ಬಟವಾಡೆ ಕಚೇರಿಯಲ್ಲೂ ಇರಬೇಕೆಂಬ ಬೇಡಿಕೆಯೂ ಅಷ್ಟೇ ನ್ಯಾಯವಾದದ್ದು. ಸಂವಿಧಾನದ 350ನೆಯ ವಿಧಿಯು ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸುವ ಹಕ್ಕು ಕೊಟ್ಟಿದೆ. ಕಟ್ಟು ತಪ್ಪಿದಾಗಲೆಲ್ಲ ಗೊಣಗಿ ಸುಮ್ಮನಾಗದೆ, ರಶೀದಿಯ ಸಂಖ್ಯೆ ಸಹಿತ ಕನ್ನಡದಲ್ಲೇ ದೂರು ಬರೆಯೋಣ. ಬರೆಯದ ದೂರು ಯಾವ ಕಡತಕ್ಕೂ ಸೇರುವುದಿಲ್ಲ.