ವಿಚ್ಛೇದನದ ಡಿಕ್ರಿ: ಕಾಗದ ಎಲ್ಲಿದೆ, ಕೊಡುವವರು ಯಾರು?

ಮದುವೆಯಾದುದಕ್ಕೆ ಪುರಾವೆ ಕೇಳಿದರೆ ಲಗ್ನಪತ್ರಿಕೆ, ಭಾವಚಿತ್ರ, ಛತ್ರದ ರಸೀದಿ, ಉಪನೋಂದಣಾಧಿಕಾರಿಯ ಪ್ರಮಾಣಪತ್ರ ಹೀಗೆ ಹತ್ತಾರು ದಾಖಲೆಗಳನ್ನು ಮುಂದಿಡಬಹುದು. ಮದುವೆ ಮುರಿದುದಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ಪುರಾವೆ, ಅದು ನ್ಯಾಯಾಲಯದ ಡಿಕ್ರಿ. ಅದರ ದೃಢೀಕೃತ ಪ್ರತಿ ಕೈಯಲ್ಲಿಲ್ಲದವರು ಕಾನೂನಿನ ಕಣ್ಣಿನಲ್ಲಿ ಬಿಡುಗಡೆ ಪಡೆದಿದ್ದರೂ ಕಚೇರಿಗಳ ಕಣ್ಣಿನಲ್ಲಿ ಇನ್ನೂ ವಿವಾಹಿತರೇ. ವಿಚ್ಛೇದನ ಹೆಚ್ಚುತ್ತಿರುವುದರ ಬಗ್ಗೆ ಸಮಾಜಶಾಸ್ತ್ರೀಯ ಚರ್ಚೆ ಬೇಕಾದಷ್ಟು ನಡೆದಿದೆ. ಡಿಕ್ರಿಯಾದ ಮೇಲೆ ಆ ಕಾಗದದ ಗತಿಯೇನು ಎಂಬ ಸಾಧಾರಣ ಪ್ರಶ್ನೆಯನ್ನು ಮಾತ್ರ ಯಾರೂ ಕೈಗೆತ್ತಿಕೊಂಡಂತಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆಗೆ ವಿಶೇಷ ತೀವ್ರತೆ ಉಂಟು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ತಂತ್ರಜ್ಞರು ಅಮೆರಿಕದ ವಲಸೆ ವೀಸಾಕ್ಕೆ ಅರ್ಜಿ ಹಾಕುವಾಗ ಹಿಂದಿನ ಪ್ರತಿಯೊಂದು ವಿವಾಹವೂ ಕೊನೆಗೊಂಡಿದ್ದಕ್ಕೆ ದಾಖಲೆ ಒದಗಿಸಲೇಬೇಕು. ಮರುಮದುವೆಯ ನೋಂದಣಿಗೂ ಅದು ಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ, ಸಿದ್ಧ ಉಡುಪು ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಅಗತ್ಯ ಬೇರೆ ಬಗೆಯದು. ಭವಿಷ್ಯನಿಧಿಯ ನಾಮನಿರ್ದೇಶನ ಬದಲಿಸಬೇಕು, ಇಎಸ್‌ಐ ಕುಟುಂಬ ವಿವರ ತಿದ್ದಿಸಬೇಕು, ಪಡಿತರ ಚೀಟಿ ಬೇರೆ ಮಾಡಿಸಿಕೊಳ್ಳಬೇಕು. 2023ರಿಂದ ಜಾರಿಯಲ್ಲಿರುವ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಸೇರುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದವರಿಗೆ. ಅತ್ತೆಯ ಹೆಸರಿನ ಚೀಟಿಯಲ್ಲೇ ಉಳಿದುಹೋದ ಹೆಣ್ಣುಮಗಳಿಗೆ ಅದು ಸಿಗದು. ನಲವತ್ತು ದಾಟಿದ ಬಡ ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗೆಂದು ರಾಜ್ಯ ಸರ್ಕಾರ ರೂಪಿಸಿದ ಮನಸ್ವಿನಿ ಪಿಂಚಣಿಯೂ ವಿಚ್ಛೇದಿತೆಯೆಂದು ಸಾಬೀತು ಮಾಡಬಲ್ಲವರಿಗಷ್ಟೇ ಉಪಯುಕ್ತ.

ಮೊದಲ ತೊಡಕು ಇರುವುದೇ ಯಾವ ನ್ಯಾಯಾಲಯ ಎಂಬಲ್ಲಿ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಿನಲ್ಲಿ, ಪ್ರತಿವಾದಿ ವಾಸಿಸುವಲ್ಲಿ, ದಂಪತಿ ಕೊನೆಯದಾಗಿ ಒಟ್ಟಿಗೆ ಬಾಳಿದಲ್ಲಿ ಅಥವಾ ಅರ್ಜಿದಾರಳು ಪತ್ನಿಯಾಗಿದ್ದರೆ ಆಕೆ ನೆಲೆಸಿರುವಲ್ಲಿ ಅರ್ಜಿ ಹಾಕಬಹುದು. ಪತ್ನಿಗೆ ಈ ಕೊನೆಯ ಅವಕಾಶ ಒದಗಿದ್ದು 2003ರ ತಿದ್ದುಪಡಿಯಿಂದ. ವಲಸೆ ಬಂದವರೇ ತುಂಬಿರುವ ಈ ಪ್ರದೇಶಗಳಲ್ಲಿ ಒಂದು ಡಿಕ್ರಿ ಬೆಂಗಳೂರಿನಲ್ಲಿರಬಹುದು, ಕಲಬುರಗಿಯಲ್ಲಿರಬಹುದು, ಪಟ್ನಾದಲ್ಲೂ ಇರಬಹುದು. ಬೆಂಗಳೂರಿನಲ್ಲೇ ಇದ್ದರೂ ಗೊಂದಲ ತಪ್ಪಿದ್ದಲ್ಲ. ನಗರದ ಕೌಟುಂಬಿಕ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿವೆ. ಎಲೆಕ್ಟ್ರಾನಿಕ್ ಸಿಟಿಯ ಮೊದಲ ಹಂತವನ್ನು ದಾಟಿ ಹೆಬ್ಬಗೋಡಿ, ಬೊಮ್ಮಸಂದ್ರಗಳ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಆನೇಕಲ್ ತಾಲ್ಲೂಕು. ಕಂದಾಯದ ಲೆಕ್ಕದಲ್ಲಿ ಅದು ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದರೂ ಅಲ್ಲಿನ ನ್ಯಾಯಾಲಯಗಳು ಹೊಸಕೋಟೆ, ನೆಲಮಂಗಲಗಳಂತೆ ಬೆಂಗಳೂರು ಗ್ರಾಮಾಂತರದ ನ್ಯಾಯಾಂಗ ವ್ಯವಸ್ಥೆಗೆ ಸೇರುತ್ತವೆ. ಆ ಗ್ರಾಮಾಂತರ ಜಿಲ್ಲೆಗೇ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೀಗಿರುವಾಗ ಹತ್ತು ವರ್ಷದ ಹಿಂದೆ ಸಹಿ ಮಾಡಿ ಬಂದ ನ್ಯಾಯಾಲಯ ಯಾವುದೆಂದು ಸಾಮಾನ್ಯ ನಾಗರಿಕ ತಡಕಾಡುವುದರಲ್ಲಿ ಆಶ್ಚರ್ಯವೇನಿಲ್ಲ.

ನ್ಯಾಯಾಲಯ ಗೊತ್ತಾದ ಮೇಲೆ ಬೇಕಾಗುವುದು ಪ್ರಕರಣದ ಸಂಖ್ಯೆ. ವೈವಾಹಿಕ ಪ್ರಕರಣಗಳಿಗೆ ‘ಎಂ.ಸಿ.’ ಎಂಬ ಶೀರ್ಷಿಕೆಯಡಿ ಸಂಖ್ಯೆಯೂ ವರ್ಷವೂ ಇರುತ್ತವೆ. ಇ-ಕೋರ್ಟ್ಸ್ ವ್ಯವಸ್ಥೆ ಬಂದ ಮೇಲೆ ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ದೊರೆಯುತ್ತಿದೆ. ಇವೆರಡರಲ್ಲಿ ಒಂದಿದ್ದರೆ ಕೆಲಸ ಸುಗಮ. ನಕಲು ವಿಭಾಗದಲ್ಲಿ ಪಕ್ಷಕಾರರ ಹೆಸರು, ತೀರ್ಪಿನ ದಿನಾಂಕ, ಬೇಕಾದ ದಾಖಲೆ ಇವನ್ನು ನಮೂದಿಸಿ ಅರ್ಜಿ ಕೊಟ್ಟು, ನಿಗದಿತ ಶುಲ್ಕ ತೆತ್ತರೆ ಮುದ್ರೆಯೊತ್ತಿದ ಪ್ರತಿ ದೊರೆಯಬೇಕು. ಸಂಖ್ಯೆ ಗೊತ್ತಿಲ್ಲದಿದ್ದರೆ ಹುಡುಕಾಟ ಶುರು. ಹಳೆಯ ಕಡತವಾದರೆ ದಾಖಲೆ ಕೊಠಡಿಯಿಂದ ಅದು ಮೇಲೆ ಬರುವವರೆಗೆ ಕಾಯಬೇಕು. ಶುಲ್ಕ ಹೊರೆಯೆನಿಸುವಂಥದ್ದಲ್ಲ. ಹೊರೆಯಾಗುವುದು ದಿನಗೂಲಿ. ಪೀಣ್ಯದಿಂದ ಎರಡು ಸಲ ನ್ಯಾಯದೇಗುಲಕ್ಕೆ ಹೋಗಿಬರುವುದೆಂದರೆ ಎರಡು ದಿನದ ಸಂಬಳ ಕಳೆದುಕೊಳ್ಳುವುದು ಎಂದೇ ಅರ್ಥ.

ಇಲ್ಲಿ ಬಹುಮಂದಿಗೆ ತಿಳಿಯದ ಒಂದು ಹಕ್ಕನ್ನು ನೆನಪಿಸಬೇಕು. ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ನಿನ 4ನೇ ಉಪವಿಭಾಗ ಸ್ಪಷ್ಟವಾಗಿದೆ: ವಿಚ್ಛೇದನದ ಡಿಕ್ರಿ ನೀಡಿದ ನ್ಯಾಯಾಲಯ ಅದರ ಪ್ರತಿಯನ್ನು ಉಭಯ ಪಕ್ಷಕಾರರಿಗೂ ಉಚಿತವಾಗಿ ಕೊಡತಕ್ಕದ್ದು. 1976ರ ತಿದ್ದುಪಡಿ ಸೇರಿಸಿದ ಈ ಮಾತಿನಲ್ಲಿ ‘ಕೇಳಿದರೆ’ ಎಂಬ ಷರತ್ತಿಲ್ಲ. ಗೆದ್ದವರಿಗೆ, ಸೋತವರಿಗೆ ಎಂಬ ಭೇದವೂ ಇಲ್ಲ. ಏಕಪಕ್ಷೀಯ ಡಿಕ್ರಿಯಲ್ಲಿ ಗೈರುಹಾಜರಾಗಿದ್ದವರೂ ಪಕ್ಷಕಾರರೇ. ಆದರೆ ಉಚಿತ ಪ್ರತಿ ವಕೀಲರ ಕಡತದಲ್ಲೇ ಉಳಿಯುವುದುಂಟು. ಆ ಹೊತ್ತಿನ ಮನಃಸ್ಥಿತಿಯಲ್ಲಿ ಎಷ್ಟೋ ಮಂದಿ ಕಾಗದವನ್ನು ಕೇಳುವುದೂ ಇಲ್ಲ. ವರ್ಷಗಳ ನಂತರ ಅಗತ್ಯ ಬಿದ್ದಾಗ ವಕೀಲರು ಕಚೇರಿ ಬದಲಿಸಿರುತ್ತಾರೆ, ಪ್ರಕರಣದ ಸಂಖ್ಯೆ ಮರೆತುಹೋಗಿರುತ್ತದೆ.

ಈ ಕಾಗದ ಬರಿಯ ಔಪಚಾರಿಕ ದಾಖಲೆಯೂ ಅಲ್ಲ. ಅದೇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮೇಲ್ಮನವಿಯ ಹಕ್ಕಿರುವಲ್ಲಿ ಅದರ ಅವಧಿ ಮುಗಿದ ಮೇಲೆ ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆದ ಮೇಲೆಯೇ ಮರುಮದುವೆ ನ್ಯಾಯಸಮ್ಮತ. ಆ ಅವಧಿಯನ್ನು ಎಣಿಸುವಾಗ ಡಿಕ್ರಿಯ ಪ್ರತಿ ಪಡೆಯಲು ಹಿಡಿದ ದಿನಗಳನ್ನು 1963ರ ಕಾಲಮಿತಿ ಕಾಯ್ದೆಯ 12ನೇ ಸೆಕ್ಷನ್ ಹೊರಗಿಡುತ್ತದೆ. ಅಂದರೆ ಪ್ರತಿಗೆ ಅರ್ಜಿ ಹಾಕಿದ ದಿನ, ಅದು ಸಿದ್ಧವಾದ ದಿನ ಇವೂ ಬದುಕಿನ ಮುಂದಿನ ನಿರ್ಧಾರಗಳನ್ನು ತೀರ್ಮಾನಿಸುವ ಸಂಗತಿಗಳೇ.

ಇನ್ನು ಪಕ್ಷಕಾರರಲ್ಲದವರ ಪ್ರಶ್ನೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕೌಂಟಿ ನ್ಯಾಯಾಲಯದ ವಿಚ್ಛೇದನ ದಾಖಲೆಗಳು ಮೂಲತಃ ಸಾರ್ವಜನಿಕ. ಹೆಸರು ಕೊಟ್ಟು, ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಿಸಬಹುದು. ನಮ್ಮ ಕಾನೂನು ಹಿಡಿದ ದಾರಿ ಬೇರೆ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕೆನ್ನುತ್ತದೆ, ಅದರ ವಿವರ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೂ ಪಕ್ಷಕಾರರಲ್ಲಿ ಒಬ್ಬರು ಬಯಸಿದರೂ ಗೋಪ್ಯ ವಿಚಾರಣೆ ನಡೆಯಬೇಕೆಂದು ವಿಧಿಸಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನ್ಯಾಯಾಲಯದ ಕಡತ ಪಡೆಯಬಹುದೆಂಬ ನಂಬಿಕೆಗೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆರೆ ಎಳೆದಿದೆ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಆ ತೀರ್ಪಿನ ಪ್ರಕಾರ ದೃಢೀಕೃತ ಪ್ರತಿಗಳನ್ನು ನ್ಯಾಯಾಲಯದ ನಿಯಮಗಳಡಿಯಲ್ಲೇ ಕೇಳಬೇಕು. ಮೂರನೆಯವರು ಕಾರಣ ತಿಳಿಸಿ ಪ್ರಮಾಣಪತ್ರ ಸಲ್ಲಿಸಬೇಕೆಂಬ ನಿಯಮವನ್ನೂ ಅದು ಎತ್ತಿಹಿಡಿಯಿತು.

ಈ ಎಚ್ಚರಿಕೆ ಅಕಾರಣವಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಹೇಳಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ವೈವಾಹಿಕ ವ್ಯಾಜ್ಯವೊಂದರ ಹಿನ್ನೆಲೆಯ ಪ್ರಕರಣದಲ್ಲಿ ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ ಎಂದೂ ಹೇಳಿತು. ಬೀದಿಯಲ್ಲಿ ಹೋಗುವವರ ಕುತೂಹಲಕ್ಕೆ ಬಾಗಿಲು ಮುಚ್ಚಿ, ನಿಜವಾದ ಅಗತ್ಯಕ್ಕೆ ತೆರೆದಿಡುವ ಈ ವಿವೇಕ ಗಮನಾರ್ಹ.

ಆದರೆ ಗೋಪ್ಯತೆಯ ಪರದೆಯ ಹಿಂದೆ ವಂಚನೆಗೂ ಎಡೆಯಿದೆ. ವರ ‘ಡಿಕ್ರಿ ಆಗಿದೆ’ ಎಂದರೆ ಕನ್ಯೆಯ ಕಡೆಯವರು ನಂಬಬೇಕಷ್ಟೆ. ತೋರಿಸಿದ ನೆರಳಚ್ಚು ಪ್ರತಿ ಅಸಲಿಯೇ, ಮೇಲ್ಮನವಿ ಬಾಕಿಯಿದೆಯೇ ಎಂದು ಖಚಿತಪಡಿಸಿಕೊಳ್ಳುವ ಸುಲಭ ದಾರಿಯಿಲ್ಲ. ಮೊದಲ ಮದುವೆಯನ್ನು ಮರೆಮಾಚಿ ಮತ್ತೊಂದು ಮದುವೆಯಾದವರಿಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ, ನಿಜ. ಆ ಶಿಕ್ಷೆಯಿಂದ ವಂಚಿತಳಾದವಳ ಮದುವೆ ಊರ್ಜಿತವಾಗುವುದಿಲ್ಲ. ಇದು ಸಾಲದೆಂಬಂತೆ ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯ ಮುದ್ರೆ ಹಾಕಿಸಿ ‘ವಿಚ್ಛೇದನ ಪತ್ರ’ ಎಂದು ಕೈಗಿಡುವ ರೂಢಿ ಶ್ರಮಿಕರ ಬಡಾವಣೆಗಳಲ್ಲಿ ಇನ್ನೂ ಉಳಿದಿದೆ. ಉತ್ತರ ಕರ್ನಾಟಕದ ಸೋಡಚೀಟಿಯ ನೆನಪೂ ಇದರ ಹಿಂದಿರಬಹುದು. ರೂಢಿಗತ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಮಾನ್ಯ ಮಾಡಿದ್ದರೂ ಅಂಥ ರೂಢಿ ತಮ್ಮ ಸಮುದಾಯದಲ್ಲಿದೆ ಎಂದು ಪ್ರತಿಪಾದಿಸಿ ರುಜುವಾತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆ ರುಜುವಾತು ಇಲ್ಲದ ಪತ್ರಕ್ಕೆ ಬೆಲೆಯಿಲ್ಲ. ಇಂಥವರು ಯಾವ ನಕಲು ವಿಭಾಗಕ್ಕೆ ಹೋದರೂ ಸಿಗುವುದು ಏನೂ ಇಲ್ಲ, ಏಕೆಂದರೆ ಡಿಕ್ರಿಯೇ ಆಗಿಲ್ಲ. ತಮ್ಮ ವೈವಾಹಿಕ ಸ್ಥಿತಿಯನ್ನು ಘೋಷಿಸುವಂತೆ ಕೌಟುಂಬಿಕ ನ್ಯಾಯಾಲಯವನ್ನೇ ಕೋರುವುದು ಅವರಿಗಿರುವ ಮಾರ್ಗ.

ಹಾಗಾದರೆ ಏನು ಮಾಡಬಹುದು? ಮೊದಲನೆಯದಕ್ಕೆ ಹೊಸ ಕಾನೂನೇ ಬೇಡ. ತೀರ್ಪಿನ ನಂತರ ಉಚಿತ ಪ್ರತಿಯನ್ನು ಪಕ್ಷಕಾರರ ಕೈಗೇ ಕೊಟ್ಟು ಸಹಿ ಪಡೆಯುವುದು, ಬಾರದವರಿಗೆ ಅಂಚೆಯಲ್ಲಿ ಕಳಿಸುವುದು ನಿಯಮವಾಗಲಿ. ಎರಡನೆಯದು, ಡಿಕ್ರಿಯ ಸಂಗತಿ ಮದುವೆಯ ನೋಂದಣಿ ಪುಸ್ತಕವನ್ನು ತಲುಪಲಿ. ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿತು. ಮುರಿದ ಮದುವೆಯ ನೋಂದಣಿ ಮಾತ್ರ ಹಾಗೆಯೇ ಉಳಿಯುವುದು ಅರ್ಧ ಲೆಕ್ಕ ಬರೆದಂತೆ. ನೆರೆಯ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನಿನ ಬಳುವಳಿಯಾಗಿ, ಡಿಕ್ರಿಯ ಮೇರೆಗೆ ಮದುವೆಯ ನೋಂದಣಿಯನ್ನು ರದ್ದುಪಡಿಸುವ ಪದ್ಧತಿಯಿದೆ. ಮೂರನೆಯದು, ಇಂಗ್ಲೆಂಡಿನಲ್ಲಿ 1858ರಿಂದಲೂ ಅಂತಿಮ ವಿಚ್ಛೇದನ ಆದೇಶಗಳ ಸೂಚಿ ಇದ್ದು, ಶುಲ್ಕ ಕಟ್ಟಿ ಹುಡುಕಿಸಬಹುದಾಗಿದೆ. ನಾವು ಅದನ್ನು ಸಂಬಂಧಿಸಿದ ವ್ಯಕ್ತಿಯ ಲಿಖಿತ ಒಪ್ಪಿಗೆಗೆ ಒಳಪಡಿಸಿ ಅಳವಡಿಸಿಕೊಳ್ಳಬಹುದು. ಇಂಥ ದಿನ ಡಿಕ್ರಿಯಾಗಿದೆ, ಮೇಲ್ಮನವಿ ಇದೆ ಅಥವಾ ಇಲ್ಲ ಎಂಬಷ್ಟೇ ಉತ್ತರ ಸಾಕು. ಆರೋಪ, ಪ್ರತ್ಯಾರೋಪಗಳ ಪುಟಗಳು ಕಡತದಲ್ಲೇ ಇರಲಿ.

ಹಣದ ಕೊರತೆಯ ನೆಪವೂ ಈಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ 2,000 ಕೋಟಿಗೂ ಹೆಚ್ಚು ಮೊತ್ತ ಹಳೆಯ ಕಡತಗಳ ಡಿಜಿಟಲೀಕರಣಕ್ಕೇ ಮೀಸಲು. ನ್ಯಾಯಾಲಯ ಸಂಕೀರ್ಣಗಳ ಇ-ಸೇವಾ ಕೇಂದ್ರಗಳು ದೃಢೀಕೃತ ಪ್ರತಿಯ ಅರ್ಜಿಗೆ ನೆರವಾಗಬೇಕೆಂಬುದೂ ಯೋಜನೆಯ ಭಾಗ. ಅಂಥ ಕೇಂದ್ರ ಕೈಗಾರಿಕಾ ಪ್ರದೇಶಗಳ ಸಮೀಪದಲ್ಲಿ, ಸಂಜೆಯ ಹೊತ್ತಿನಲ್ಲೂ ತೆರೆದಿದ್ದರೆ ಎಷ್ಟೋ ಜನರ ಕೂಲಿ ಉಳಿದೀತು.

ಕಚೇರಿಗಳ ಕಡೆಯಿಂದಲೂ ಸಂಯಮ ಬೇಕು. ಪಾಸ್‌ಪೋರ್ಟ್ ಅರ್ಜಿಯೊಂದಿಗೆ ವಿಚ್ಛೇದಿತರು ಡಿಕ್ರಿ ಲಗತ್ತಿಸಬೇಕಿಲ್ಲವೆಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರಿನಲ್ಲೇ ಪ್ರಕಟಿಸಿತು. ಅನಗತ್ಯವಾಗಿ ಡಿಕ್ರಿ ಕೇಳುವ ಬ್ಯಾಂಕು, ಶಾಲೆ, ಇಲಾಖೆಗಳಿಗೆ ಅದು ಮೇಲ್ಪಂಕ್ತಿಯಾಗಬೇಕು. ನಿಜಕ್ಕೂ ಬೇಕಾದ ಕಡೆ ಪುಟಗಟ್ಟಲೆ ತೀರ್ಪನ್ನು ಕೇಳದೆ ಡಿಕ್ರಿಯ ಹಾಳೆಯಷ್ಟನ್ನೇ ಒಪ್ಪಬೇಕು. ಮುರಿದ ಸಂಸಾರದ ಕಥೆಯನ್ನು ಪ್ರತಿ ಕೌಂಟರಿನಲ್ಲೂ ಬಿಚ್ಚಿಡಬೇಕಾದ ಅವಮಾನದಿಂದ ಜನರನ್ನು ಪಾರುಮಾಡುವುದು ಆಡಳಿತಕ್ಕೆ ಅಸಾಧ್ಯವೇನಲ್ಲ. ಬಿಡುಗಡೆ ಕೊಡುವ ಅಧಿಕಾರವುಳ್ಳ ವ್ಯವಸ್ಥೆಗೆ, ಬಿಡುಗಡೆಯಾಗಿದೆ ಎಂದು ಬರೆದುಕೊಡುವ ಹೊಣೆಯೂ ಇದೆ.