ಕಾಯಕವೆಂದರೆ ಪುಕ್ಕಟೆ ದುಡಿಮೆಯಲ್ಲ



ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕೌಜಲಗಿ ಸೀಮೆಯ ಹೊಲಗಳಲ್ಲಿ ಬೆಳಕು ಹರಿಯುವ ಮೊದಲೇ ಕುಡಗೋಲಿನ ಸಪ್ಪಳ ಕೇಳುತ್ತದೆ. ಈ ಸಲ ಒಂದು ಟೋಳಿಯ ಮುಕಾದಮನನ್ನು ಕೇಳಿದೆ: “ತಮ್ಮಾ, ಬ್ಯಾರೆ ಟೋಳಿ ಮಂದಿ ಹಂಗಾಮು ಮುಗಿಯೋದರಾಗ ಬಿಟ್ಟು ಹೋಗತಾರ. ನಿನ್ನ ಮಂದಿ ಹ್ಯಾಂಗ ನಿಂತಾರ?” ಅವನೆಂದ: “ಮೊದಲ ನಾನ ಕುಡಗೋಲು ಹಿಡೀತೇನ್ರಿ. ತೂಕದ ಚೀಟಿ ಎಲ್ಲಾರ ಮುಂದ ಓದತೇನಿ. ಮತ್ತೇನಿಲ್ರಿ.”

ಈ ಮಾತಿಗೆ ನನ್ನ ಮಾಸ್ತರಿಕೆಯ ದಿನಗಳು ನೆನಪಾದವು. ನಾನು ದುಡಿಯುತ್ತಿದ್ದ ಸಂಸ್ಥೆಯಲ್ಲಿ ಪಗಾರ ಮೂರು ಮೂರು ತಿಂಗಳು ನಿಲ್ಲುತ್ತಿತ್ತು. ಬಸವ ಜಯಂತಿಯ ವೇದಿಕೆಯಲ್ಲಿ ಮಾತ್ರ ಅಧ್ಯಕ್ಷರು ತಪ್ಪದೆ ಕಾಯಕದ ಮಹಿಮೆ ಹೇಳುತ್ತಿದ್ದರು. ಪಗಾರ ಕೇಳಿದವನಿಗೆ ಸೇವಾಭಾವ ಇಲ್ಲದವನೆಂಬ ಹೆಸರು. ಬರಬರುತ್ತ ನಾವು ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವವರಾದೆವು. ನಷ್ಟ ಉಂಡವರು ಮಕ್ಕಳು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯ ಶರಣರ ಕಾಯಕವಾಗಿತ್ತು. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚು ಬಂದಾಗ ಲಕ್ಕಮ್ಮ ತಾಯಿ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು. ಇದರಿಂದ ದುಡಿಯುವವರಿಗೆ ಕಡಿಮೆ ಆಸೆಯ ಪಾಠ ಹೇಳುವವರು ಬಹಳ. ನನಗೆ ಕಾಣುವುದು ಇನ್ನೊಂದು ಪಾಠ: ದುಡಿಯುವವನಿಗೆ ಬೇಕಾದದ್ದು ದೊರೆಯ ಕೃಪೆಯಲ್ಲ, ತನ್ನ ಬೆವರಿನ ಪಾಲು. ಹೆಚ್ಚು ಬಂದಾಗ ಹಿಂದಿರುಗಿಸುವ ಹಕ್ಕಿದ್ದವಳಿಗೆ, ಕಡಿಮೆ ಬಂದಾಗ ಕೇಳುವ ಹಕ್ಕೂ ಇರಬೇಕಲ್ಲವೆ? ಬಿಜ್ಜಳನ ಭಂಡಾರ ನೋಡುತ್ತಿದ್ದ ಬಸವಣ್ಣನವರು ಆ ತಾಯಿಯ ಮಾತಿಗೆ ಬೆಲೆ ಕೊಟ್ಟರು. ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ ಮಾತಾಡಿದರು, ಉಳಿದವರು ಕೇಳಿದರು. ನಾಯಕತ್ವ ಎಂದರೆ ಅದು.

ನಮ್ಮ ಪಕ್ಕದಲ್ಲೇ ಹುಕ್ಕೇರಿ ಇದೆ. 1969ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಬಳಕೆದಾರರೇ ಸದಸ್ಯರು. ಮಳೆಯಲ್ಲಿ ಕಂಬ ಹತ್ತುವ ಲೈನಮನ್‌ಗೆ ತಾನು ಯಾರ ಮನೆಗೆ ಬೆಳಕು ತರುತ್ತಿದ್ದೇನೆಂದು ಗೊತ್ತಿದ್ದರೆ, ಆ ಕೆಲಸಕ್ಕೆ ಅರ್ಥ ಬರುತ್ತದೆ. ಆದರೆ ಅರ್ಥ ಪಗಾರದ ಬದಲಿಗೆ ಕೊಡುವ ವಸ್ತುವಲ್ಲ. ಎರಡೂ ಬೇಕು.

ಆದ್ದರಿಂದ ನಮ್ಮ ಸಮಾಜದ ಶಾಲೆ, ಪ್ರಸಾದ ನಿಲಯ, ಪತ್ತಿನ ಸಂಘ, ಕಾರ್ಖಾನೆ ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಬರುವ ಬಸವ ಜಯಂತಿಗೆ ಕಾಯಕದ ಭಾಷಣ ಮಾಡುವ ಮುನ್ನ ಬಾಕಿ ಪಗಾರ ಕೊಡಿರಿ. ಜಮಾ ಖರ್ಚಿನ ಲೆಕ್ಕವನ್ನು ಕೆಲಸಗಾರರ ಮುಂದೆ ಓದಿರಿ. ತಿಂಗಳಿಗೊಮ್ಮೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಮಾತು ಕೇಳಿರಿ. ಆ ಮುಕಾದಮನಿಗೆ ತಿಳಿದದ್ದು ನಮಗೆ ತಿಳಿಯದೇ ಹೋದರೆ, ನಾವು ಬಸವಣ್ಣನವರ ಭಾವಚಿತ್ರಕ್ಕೆ ಹಾಕುವ ಮಾಲೆಗೆ ಬೆಲೆ ಇಲ್ಲ.